ಸಿ ಮೇಜರ್ ಸ್ಕೇಲ್: ಆರು ಸ್ವರ ಸರಿ, ಏಳನೆಯದರಿಂದ ಅಪಸ್ವರ

ಹೊಸಬೆರಳು
ತಲೆ ಕೆಟ್ಟುಹೋಗಿದೆ. ಒಂದು ವಾರದಿಂದ ಗಿಟಾರ್‌ನಲ್ಲಿ ಸಿ ಮೇಜರ್ ಸ್ಕೇಲ್ ಒಂದನ್ನೇ ಹಿಡಿದು ಕೂತಿದ್ದೇನೆ. ಮೊದಲ ಆರು ಸ್ವರ ಚೆನ್ನಾಗಿ ಬರುತ್ತವೆ. ಎರಡನೇ ತಂತಿಗೆ ಹೋದ ಕೂಡಲೇ ಎಲ್ಲ ಹಾಳು. ಏಳನೆಯದಕ್ಕೇ ಮನೆ ಬಂತು, ಸ್ಕೇಲ್ ಮುಗಿಯಿತು ಅನಿಸುತ್ತದೆ, ಎಂಟನೆಯದು ಮನೆ ದಾಟಿ ಪಕ್ಕದವರ ಬಾಗಿಲು ತಟ್ಟುತ್ತದೆ. ಬೆರಳು ಸರಿಯಾದ ಜಾಗದಲ್ಲೇ ಇದೆ. ಗಿಟಾರ್ ಟ್ಯೂನ್ ಆಗಿದೆ. ಗಿಟಾರ್ ಸರಿ ಇಲ್ವಾ, ನನ್ನ ಕಿವಿ ಸರಿ ಇಲ್ವಾ?

ಮರದಪೆಟ್ಟಿಗೆ
ಇಂಟೊನೇಶನ್, ಅಂದರೆ ಫ್ರೆಟ್ ಒತ್ತಿದಾಗ ಸ್ವರ ಸರಿ ಎತ್ತರಕ್ಕೆ ಬಾರದಿರೋದು. ಕಣ್ಣು ಮುಚ್ಚಿ ಹೇಳುತ್ತೇನೆ. 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆ ಹಾರ್ಮೋನಿಕ್ ನುಡಿಸಿ, ಅಂದರೆ ತಂತಿ ಒತ್ತದೆ ಸುಮ್ನೆ ತಾಕಿಸಿ ಮೀಟಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ್ದು ಜಾಸ್ತಿ ಏರಿದ್ದರೆ ಸ್ಯಾಡಲ್ (ಕೆಳತುದಿಯಲ್ಲಿ ತಂತಿ ಕೂರುವ ಪಟ್ಟಿ) ಹಿಂದಕ್ಕೆ ಸರಿಯಬೇಕು. ನನ್ನ ಎರಡನೇ ಗಿಟಾರಿಗೂ ಇದೇ ಕಾಯಿಲೆ ಇತ್ತು.

ಆರುತಂತಿ
ಯಾವ ತಂತಿ, ಯಾವ ಫ್ರೆಟ್ ಅಂತ ಮೊದಲು ಬರೆಯಿರಿ. ಸುಮ್ನೆ ಊಹೆ ಮಾಡೋದು ಬೇಡ.

ಹೊಸಬೆರಳು
ತೀರಾ ತೆಳುವಾದದ್ದು 1ನೇ ತಂತಿ ಅಂತ ಎಣಿಸಿದರೆ, 5ನೇ ತಂತಿ 3ನೇ ಫ್ರೆಟ್. 4ನೇ ತಂತಿ ಓಪನ್ (ಬೆರಳಿಡದೆ), ಆಮೇಲೆ 2, 3ನೇ ಫ್ರೆಟ್. 3ನೇ ತಂತಿ ಓಪನ್, 2. 2ನೇ ತಂತಿ ಓಪನ್, 1. ನನ್ನದು ಅಕೌಸ್ಟಿಕ್, ಸ್ಯಾಡಲ್ ಸರಿಸೋಕೆ ಸ್ಕ್ರೂನೇ ಇಲ್ಲ.

ಮರದಪೆಟ್ಟಿಗೆ
ಹಾಗಾದರೆ ನೆಕ್ ಬಾಗಿದೆ. ಒಳಗಿನ ಟ್ರಸ್ ರಾಡ್ (ನೆಕ್ ನೇರ ಮಾಡುವ ಕಂಬಿ) ಅರ್ಧ ಸುತ್ತು ತಿರುಗಿಸಿ ನೋಡಿ.

ನಿಧಾನರಾಗ
ದಯವಿಟ್ಟು ಟ್ರಸ್ ರಾಡ್ ಮುಟ್ಟಬೇಡಿ! ಒಂದು ವಾರದ ಕಲಿಕೆಯವರಿಗೆ ಹೇಳೋ ಮಾತಾ ಇದು? ಒಂದು ಕೆಲಸ ಮಾಡಿ. ಸಿ ಮೇಜರ್ ಅಂದರೆ ಕರ್ನಾಟಕ ಸಂಗೀತದ ಶಂಕರಾಭರಣವೇ. ಸರಿಗಮ ಬಾಯಲ್ಲಿ ಹಾಡಿಕೊಂಡು ನುಡಿಸಿ, ಎಲ್ಲಿ ತಪ್ಪುತ್ತಿದೆ ಅಂತ ಕಿವಿಯೇ ಹೇಳುತ್ತದೆ.

ತಾರಸ್ಥಾಯಿ
ಶಂಕರಾಭರಣ ರಾಗ ಸ್ವಾಮಿ, ಸ್ಕೇಲ್ ಅಲ್ಲ. ಗಮಕ, ಅಂದರೆ ಸ್ವರದ ಓಲಾಟ, ಎಲ್ಲಿ ಹೋಯ್ತು?

ನಿಧಾನರಾಗ
ಸ್ವರಸ್ಥಾನದ ಮಾತು ಆಡಿದ್ದು ಮಾರಾಯ. 29ನೇ ಮೇಳಕರ್ತ (ಮೂಲ ರಾಗ). ಅವರು ಈಗ ಕಛೇರಿ ಮಾಡ್ತಿಲ್ಲವಲ್ಲ.

ತಾರಸ್ಥಾಯಿ
ಶುರುವಿನಲ್ಲೇ ತಪ್ಪು ಹೆಸರು ಕಲಿತರೆ ಆಮೇಲೆ ಬಿಡಿಸೋದು ಕಷ್ಟ. ಅಷ್ಟೇ ನನ್ನ ತಕರಾರು.

ಹೊಸಬೆರಳು
ಹಾಡಿ ನೋಡಿದೆ. ಸ ರಿ ಗ ಮ ಪ ದ ಎಲ್ಲ ಸರಿ ಕೂರುತ್ತದೆ. ನಾನು ನಿ ಅನ್ನುವಾಗ ಗಿಟಾರ್ ಮೇಲಿನ ಸ ಅನ್ನುತ್ತದೆ!

ಆರುತಂತಿ
ಸಿಕ್ಕಿತು. ಆ ಏಳನೇ ಸ್ವರ ಓಪನ್ ತಂತಿ. ಬೆರಳನ್ನೇ ಇಡದ ತಂತಿಗೆ ಇಂಟೊನೇಶನ್ ಎಲ್ಲಿಂದ ಬರಬೇಕು? ಟ್ಯೂನ್ ಹೇಗೆ ಮಾಡಿದಿರಿ?

ಹೊಸಬೆರಳು
ಟ್ಯೂನರ್‌ನ ಸೆಲ್ ಮುಗಿದಿತ್ತು. 5ನೇ ಫ್ರೆಟ್ ರೀತಿ ಇದೆಯಲ್ಲ, ಅದೇ. 6ನೇ ತಂತಿಯ 5ನೇ ಫ್ರೆಟ್ ಒತ್ತಿ ಅದಕ್ಕೆ 5ನೇ ತಂತಿ ಕೂಡಿಸೋದು, ಅದರ 5ನೇ ಫ್ರೆಟ್‌ಗೆ 4ನೆಯದು, ಹೀಗೇ ಒಂದನೇ ತಂತಿವರೆಗೂ. ಎಲ್ಲರೂ ಹೀಗೇ ಮಾಡ್ತಾರೆ ಅಂತ ಬರೆಯಲಿಲ್ಲ. ಹಾಂ, ಟ್ಯೂನ್ ಮಾಡುವಾಗ ಒಂದನೇ ತಂತಿ ಪಟ್ ಅಂತ ಕಡಿದು ಕೈಗೆ ಹೊಡೆಯಿತು, ಹೊಸದು ಹಾಕಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ಆರುತಂತಿ
ಇದೆ ಗುರು, ಇದೆ. 3ನೇ ತಂತಿಯಿಂದ 2ನೆಯದಕ್ಕೆ ಮಾತ್ರ 4ನೇ ಫ್ರೆಟ್. ಉಳಿದ ಜೋಡಿಗಳ ನಡುವೆ ಐದು ಸೆಮಿಟೋನ್ (ಒಂದು ಫ್ರೆಟ್ ಅಂದರೆ ಒಂದು ಸೆಮಿಟೋನ್), 3ನೆಯದಾದ ಜಿ ಮತ್ತು 2ನೆಯದಾದ ಬಿ ನಡುವೆ ನಾಲ್ಕೇ. ನೀವು ಅಲ್ಲೂ 5ನೇ ಫ್ರೆಟ್ ಒತ್ತಿದಿರಿ, ಬಿ ಆಗಬೇಕಾದ ತಂತಿ ಸಿ ಆಯಿತು. ಅದನ್ನು ನಂಬಿ ಕೂಡಿಸಿದ ಒಂದನೇ ತಂತಿ ಇ ಬದಲು ಎಫ್. 6ನೆಯದು ಸರಿ ಇದ್ದರೆ ಆ ಎರಡನೇ ತಂತಿ 247 ಹರ್ಟ್ಜ್ ಬದಲು 262ಕ್ಕೆ ಏರಿದೆ. ಒಂದನೆಯದು 330 ಬದಲು 349. ಅಷ್ಟು ಬಿಗಿದರೆ ತೆಳು ತಂತಿ ಕಡಿಯೋದು ದೊಡ್ಡ ಮಾತಲ್ಲ.

ಎರಡನೆಯದನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ಕೀಲಿ ಬಿಗಿಯುತ್ತಾ ಮೇಲಕ್ಕೆ ತಂದು ಕೂಡಿಸಿ. ಮೇಲಿಂದ ಇಳಿಸಿ ಅಲ್ಲೇ ನಿಲ್ಲಿಸಿದರೆ ಮತ್ತೆ ಜಾರುತ್ತದೆ.

ಹೊಸಬೆರಳು
ನಿ ಬಂತು!! ಎಂಟನೆಯದು ಮನೆಗೇ ಬಂತು. ಆದರೆ ಮುಂದೆ ಒಂದನೇ ತಂತಿಗೆ ಹೋದರೆ ಮತ್ತೆ ಅದೇ ರಾಮಾಯಣ.

ಆರುತಂತಿ
ಒಂದನೆಯದನ್ನೂ ಇಳಿಸಬೇಕಲ್ಲ. ಸರಿಯಾದ 2ನೇ ತಂತಿಯ 5ನೇ ಫ್ರೆಟ್‌ಗೆ ಕೂಡಿಸಿ. ಆಮೇಲೆ 6 ಮತ್ತು 1 ಒಟ್ಟಿಗೆ ಮೀಟಿ. ಎರಡೂ ಇ, ನಡುವೆ ಎರಡು ಸ್ಥಾಯಿ. ಒಂದರೊಳಗೊಂದು ಸೇರದಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಲೆಕ್ಕ.

ಮರದಪೆಟ್ಟಿಗೆ
ಆದರೂ ಒಮ್ಮೆ ಇಂಟೊನೇಶನ್ ನೋಡಿಸಿಕೊಳ್ಳಿ.

ನಿಧಾನರಾಗ
ಬಿಡಿ ಸರ್ ಅದನ್ನ.

ತಾರಸ್ಥಾಯಿ
ಒಂದು ತಮಾಷೆ ಗೊತ್ತಾ? ಹೊಸಬೆರಳು ಅವರು ಗೊತ್ತಿಲ್ಲದೇ ಮಾಡಿದ್ದು ಆಲ್ ಫೋರ್ತ್ಸ್ ಟ್ಯೂನಿಂಗ್, ಅಂದರೆ ಎಲ್ಲ ಜೋಡಿಗಳ ನಡುವೆಯೂ ಐದೇ ಸೆಮಿಟೋನ್. ಇ ಎ ಡಿ ಜಿ ಸಿ ಎಫ್. ಅಮೆರಿಕದ ಜಾಝ್ ಗಿಟಾರ್ ವಾದಕ ಸ್ಟ್ಯಾನ್ಲಿ ಜೋರ್ಡನ್ ನುಡಿಸೋದು ಇದರಲ್ಲೇ. ನಾನೂ ಬೇಕಂತಲೇ ಒಂದು ಗಿಟಾರನ್ನು ಹೀಗೇ ಇಟ್ಟಿದ್ದೇನೆ. ಸ್ಕೇಲ್‌ನ ಆಕಾರ ಯಾವ ತಂತಿಗೆ ಹೋದರೂ ಒಂದೇ. ಮಾಮೂಲಿ ಟ್ಯೂನಿಂಗ್‌ನಲ್ಲಿ ಎರಡನೇ ತಂತಿಗೆ ಬಂದಾಗ ಆಕಾರ ಒಂದು ಫ್ರೆಟ್ ಮುಂದಕ್ಕೆ ಸರಿಯುತ್ತದೆ, ಇಲ್ಲಿ ಆ ಕಿರಿಕಿರಿ ಇಲ್ಲ.

ಹೊಸಬೆರಳು
ಹಾಗಾದರೆ ನಾನು ತಪ್ಪೇ ಮಾಡಿಲ್ವಾ?

ಆರುತಂತಿ
ಮಾಡಿದ್ದೀರಿ. ನೀವು ನೋಡಿ ಕಲಿಯುತ್ತಿರುವ ಬೆರಳಿನ ಜಾಗ ಮಾಮೂಲಿ ಟ್ಯೂನಿಂಗ್‌ದು. ಅಲ್ಲದೇ ನಾಳೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯೋಕೆ ಹೋದರೆ ಸಿ ಎಫ್ ತಂತಿಗಳು ಬೆರಳು ಮುರಿಯುತ್ತವೆ. ತಾರಸ್ಥಾಯಿ ಅವರ ಮಾತು ಈಗ ಕೇಳಬೇಡಿ.

ಮರದಪೆಟ್ಟಿಗೆ
ನನ್ನ ಏಳು ತಂತಿಯದರಲ್ಲಿ ಕೆಳಗೆ ಇನ್ನೊಂದು ಬಿ ಇದೆ. ನಟ್ (ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ನಾನೇ ಮೂಳೆಯಲ್ಲಿ ಕೊರೆದದ್ದು. ಆಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ಎಷ್ಟು ಕೆಳಗಿದೆ ಅಂದರೆ ಕಾಗದ ತೂರಿಸೋದೂ ಕಷ್ಟ.

ತಾರಸ್ಥಾಯಿ
ಅಷ್ಟು ಕೆಳಗಿದ್ದರೆ ತಂತಿ ಫ್ರೆಟ್‌ಗೆ ಬಡಿದು ಜುಂಯ್ ಅನ್ನೋದಿಲ್ವಾ?

ಮರದಪೆಟ್ಟಿಗೆ
ನುಡಿಸೋಕೆ ಬರುವವರಿಗೆ ಅನ್ನೋದಿಲ್ಲ.

ಹೊಸಬೆರಳು
ನನ್ನ ಆರರಲ್ಲೇ ಒಂದು ಮತ್ತೆ ಇಳಿದಿದೆ. ಹೊಸದಾಗಿ ಹಾಕಿದ ಒಂದನೇ ತಂತಿ. ಮಾಮೂಲಾ?

ಆರುತಂತಿ
ಮಾಮೂಲು. ಹೊಸ ತಂತಿ ಕೆಲವು ದಿನ ಇಳಿಯುತ್ತಲೇ ಇರುತ್ತದೆ. 12ನೇ ಫ್ರೆಟ್ ಹತ್ತಿರ ಹಿಡಿದು ಮೆಲ್ಲಗೆ ಎಳೆದು ಬಿಡಿ, ಮತ್ತೆ ಟ್ಯೂನ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿ. ಮತ್ತೆ ಆ ಟ್ಯೂನರ್‌ಗೆ ಸೆಲ್ ಹಾಕಿ ಗುರು.