ಬಂಧವೋ ಬಂಧನವೋ: ಹೈಡ್ರೋಕ್ವಿನೋನ್ ಹರಳಿನ ಬಗ್ಗೆ ಒಂದು ಪದಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿರುವ ರಸಾಯನಶಾಸ್ತ್ರದ ಲೇಖನವೊಂದು ಕೆಲವು ಪದಗಳ ಬಳಿ ಬಂದು ನಿಂತಿದೆ. ವಿಷಯ, ಫೋಟೋ ಡೆವಲಪರ್‌ನಲ್ಲಿ ಬಳಸುತ್ತಿದ್ದ ಹೈಡ್ರೋಕ್ವಿನೋನ್. ಬೆಂಜೀನ್ ಉಂಗುರದ ಎರಡು ಎದುರು ತುದಿಗಳಲ್ಲಿ ಒಂದೊಂದು ಹೈಡ್ರಾಕ್ಸಿಲ್ (OH) ಗುಂಪು. ಇದರ ಒಂದು ಬಗೆಯ ಹರಳಿನಲ್ಲಿ ಆರು ಅಣುಗಳ ಹೈಡ್ರಾಕ್ಸಿಲ್‌ಗಳು ಹೈಡ್ರೋಜನ್ ಬಂಧದಿಂದ ಕೈಕೈ ಹಿಡಿದು ಷಟ್ಕೋನವಾಗುತ್ತವೆ. ಹೀಗೆ ಬೆಳೆದ ಎರಡು ಜಾಲಗಳು ಒಂದರೊಳಗೊಂದು ಹೆಣೆದುಕೊಂಡಾಗ ನಡುವೆ ಪುಟ್ಟ ಪೊಳ್ಳುಗಳು ಉಳಿಯುತ್ತವೆ. ಮೆಥನಾಲ್, ಸಲ್ಫರ್ ಡೈಆಕ್ಸೈಡ್, ಯಾವುದರ ಜೊತೆಗೂ ಬೆರೆಯದ ಆರ್ಗಾನ್ ಕೂಡ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ಹೈಡ್ರೋಕ್ವಿನೋನ್ ಅಣುಗಳಿಗೆ ಹೆಚ್ಚೆಂದರೆ ಒಂದು ಅತಿಥಿ.

ನಮ್ಮಲ್ಲಿ ‘ಹೈಡ್ರೋಜನ್ ಬಂಧ’, ‘ಹೈಡ್ರೋಜನ್ ಬಂಧನ’ ಎರಡನ್ನೂ ಒಂದೇ ಅರ್ಥದಲ್ಲಿ ಬರೆಯುತ್ತೇವೆ. ಈ ಹರಳಿನ ಮುಂದೆ ಅದು ನಡೆಯದು. ಗೋಡೆ ಕಟ್ಟಿದ ಅಣುಗಳ ನಡುವೆ ಬಂಧವಿದೆ. ಒಳಗಿನ ಆರ್ಗಾನ್‌ಗೆ ಯಾರೊಂದಿಗೂ ರಾಸಾಯನಿಕ ಬಂಧವಿಲ್ಲ, ಆದರೂ ಅದು ಬಂಧನದಲ್ಲಿದೆ. ಹರಳನ್ನು ನೀರಿನಲ್ಲಿ ಕರಗಿಸಿದರೆ ಗುಳ್ಳೆಯಾಗಿ ಹೊರಬರುತ್ತದೆ. ಆದ್ದರಿಂದ ಜೋಡಣೆಗೆ ‘ಬಂಧ’, ಸೆರೆಗೆ ‘ಬಂಧನ’ ಎಂದು ಖಂಡಿತವಾಗಿ ಬೇರ್ಪಡಿಸಬೇಕೆಂಬುದು ನನ್ನ ನಿಲುವು. ಒಪ್ಪದವರು ದಯವಿಟ್ಟು ಕಾರಣ ತಿಳಿಸಬೇಕು.

ಇದೇ ಬಗೆಯ ಇನ್ನೊಂದು ತೊಡಕು ‘ಅಂತರಣು’. ಎಲೆ ಅಡಿಕೆಯ ಕಾಚಿನಿಂದ ಹೆಸರು ಪಡೆದ ಕೆಟೆಕಾಲ್‌ನಲ್ಲಿ ಹೈಡ್ರಾಕ್ಸಿಲ್‌ಗಳು ಅಕ್ಕಪಕ್ಕ ಇರುವುದರಿಂದ ಅಣುವಿನೊಳಗೇ ಹೈಡ್ರೋಜನ್ ಬಂಧ ಸಾಧ್ಯ. ಅದು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹೈಡ್ರೋಕ್ವಿನೋನ್‌ನಲ್ಲಿ ಅಣುಗಳ ನಡುವೆ ಮಾತ್ರ. ಕರಗಲು ಸುಮಾರು 172 ಡಿಗ್ರಿ ಬೇಕು. ‘ಅಂತರಣು ಬಂಧ’ ಎಂದರೆ ಇವೆರಡರಲ್ಲಿ ಯಾವುದು? ‘ಅಣುವಿನೊಳಗಿನ’, ‘ಅಣುಗಳ ನಡುವಿನ’ ಎಂದೇ ಬರೆದಿದ್ದೇನೆ.

ಇನ್ನು, ಗೋಡೆ ಕಟ್ಟುವ ಅಣುವಿಗೂ ಒಳಗೆ ಸಿಕ್ಕಿದ ಅಣುವಿಗೂ ಬಳಸುವ ‘ಆತಿಥೇಯ–ಅತಿಥಿ’. ಆತಿಥೇಯ ತಂಡ ಎಂದು ಕ್ರೀಡಾಪುಟದಲ್ಲಿ ಓದುವ ಪದವೇ ಆದರೂ, ಒಂದೇ ಸಾಲಿನಲ್ಲಿ ಎರಡೂ ಬಂದರೆ ಕಣ್ಣು ತಪ್ಪುತ್ತದೆ. ಬಾಗಿಲೇ ಇಲ್ಲದ ಮನೆಯಲ್ಲಿ ಇರುವವನನ್ನು ಅತಿಥಿ ಎನ್ನಲು ಮನಸ್ಸೂ ಒಪ್ಪದು. 1948ರಲ್ಲಿ ಬ್ರಿಟಿಷ್ ರಸಾಯನವಿಜ್ಞಾನಿ ಪೊವೆಲ್ ಇಂಥ ಹರಳುಗಳಿಗೆ ‘ಕ್ಲಾಥ್ರೇಟ್’ ಎಂದು ಹೆಸರಿಟ್ಟಾಗ ಆರಿಸಿಕೊಂಡದ್ದು ಸರಳುಗಳ ಹಿಂದೆ ಕೂಡಿಹಾಕಿದ್ದು ಎಂಬರ್ಥದ ಲ್ಯಾಟಿನ್ ಪದವನ್ನು. ನನಗೆ ಮೊದಲು ನೆನಪಾದದ್ದು ಮಲೆನಾಡಿನಲ್ಲಿ ಮೀನು ಹಿಡಿಯುವ ಕೂಣಿ. ಆದರೆ ಕೂಣಿಯೊಳಕ್ಕೆ ಮೀನು ತಾನಾಗಿ ನುಗ್ಗುತ್ತದೆ. ಇಲ್ಲಿ ಹರಳುಗಟ್ಟುವಾಗಲೇ ಅತಿಥಿಯ ಸುತ್ತ ಗೋಡೆ ಏಳುತ್ತದೆ. ಹಾಗಾಗಿ ಸದ್ಯಕ್ಕೆ ‘ಪಂಜರಹರಳು’ ಎಂದು ಬರೆದಿಟ್ಟಿದ್ದೇನೆ. ‘ಪಂಜರ ಸಂಯುಕ್ತ’ ಎಂದರೆ ಒಳಗಿನದೂ ಹೊರಗಿನದೂ ಬಂಧದಿಂದ ಕೂಡಿಕೊಂಡಿವೆ ಎಂಬ ತಪ್ಪು ಅರ್ಥ ಬರುತ್ತದೆ.

ಒಳಗೆ ಸಿಕ್ಕಿದ ಅಣುವಿಗೆ ‘ಸೆರೆಯಣು’ ಎನ್ನಬಹುದೇ? ಅಥವಾ ಇದಕ್ಕೆ ಹಳೆಯ ವಿಜ್ಞಾನ ಬರಹಗಳಲ್ಲಿ ಬೇರೆ ಪದವನ್ನು ಯಾರಾದರೂ ಕಂಡಿದ್ದೀರಾ?