ಹೊಯ್ಸಳ ಗುಡಿಯ ಮಾದರಿ: ನಕ್ಷತ್ರ ತಳ, ತಿರುಗಣಿ ಕಂಬ, ಕಲ್ಲಿನ ಬಣ್ಣಕ್ಕೆ ಸಲಹೆ ಬೇಕು

ಪ್ರಶ್ನೆ – ಹಾಸನ_ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಹೊಯ್ಸಳ ಶೈಲಿಯ ಏಕಕೂಟ (ಒಂದೇ ಗರ್ಭಗುಡಿಯ) ಗುಡಿಯ ಮಾದರಿ ಮಾಡ್ತಾ ಇದ್ದೀನಿ. 2 ಅಡಿಗೆ 2 ಅಡಿ ಪ್ಲೈವುಡ್ ಹಲಗೆ, ಅಳತೆ 1:50. ಇಂಥದ್ದೇ ಗುಡಿ ಅಂತ ನಕಲು ಅಲ್ಲ. ಆದರೆ ಬೇಲೂರು, ಹಳೇಬೀಡು ಕಂಡವರು ನೋಡಿದ ತಕ್ಷಣ ಗುರುತು ಹಿಡಿಯಬೇಕು. ಗರ್ಭಗುಡಿಗೆ 16 ಮೂಲೆಯ ನಕ್ಷತ್ರ ತಳ, ತುದಿಯಿಂದ ತುದಿಗೆ 160 ಮಿಮೀ.

ಮೂರು ಕಡೆ ಕೆಲಸ ನಿಂತಿದೆ. ಒಳಗೊಂದು ಹೊರಗೊಂದು ವೃತ್ತ ಎಳೆದು ಚುಕ್ಕೆ ಸೇರಿಸಿದರೆ ಮೂಲೆಗಳು ಚೂಪಾಗಿ ಗೂಡುದೀಪದ ಹಾಗೆ ಕಾಣುತ್ತೆ. ಗೋಡೆಗೆ 1 ಮಿಮೀ ರಟ್ಟನ್ನು ಮಡಚಿಕೊಂಡು ಸುತ್ತು ಬಂದರೆ ಕೊನೆಯ ತುದಿ ಮೊದಲಿನದಕ್ಕೆ ಕೂಡೋದಿಲ್ಲ. ಮುಖಮಂಟಪಕ್ಕೆ 55 ಮಿಮೀ ಎತ್ತರದ 12 ತಿರುಗಣಿ ಕಂಬ (ತಿರುಗಿಸಿ ಕಡೆದಂಥ ಉರುಟು ಕಂಬ) ಬೇಕು, ಲೇತ್ ಇಲ್ಲ, ಕೈ ಡ್ರಿಲ್ ಇದೆ. ಇನ್ನು ಬಣ್ಣ: ಬೂದು ಅಕ್ರಿಲಿಕ್ ಹಚ್ಚಿದರೆ ಸಿಮೆಂಟಿನ ಗುಡಿ ಥರ ಆಗುತ್ತೆ. ಥರ್ಮಾಕೋಲ್, ಸನ್‌ಬೋರ್ಡ್ (ಹಗುರವಾದ ಪಿವಿಸಿ ಹಲಗೆ), ರಟ್ಟು ಮೂರೂ ಇವೆ. ಯಾವುದಕ್ಕೆ ಯಾವ ಅಂಟು ಅನ್ನೋದನ್ನೂ ತಿಳಿಸಿ.

ಉತ್ತರ – ಜಗತಿಕಟ್ಟೆ

ಮೊದಲು ತಳ ಸರಿಮಾಡಿಕೊಳ್ಳಿ ಸರ್. ಅದೊಂದು ಕೂತರೆ ಉಳಿದ ಎಲ್ಲಾ ಭಾಗಕ್ಕೂ ಅದೇ ನಕ್ಷೆ ನಡೆಯುತ್ತೆ.

ಹೊಯ್ಸಳರ ನಕ್ಷತ್ರ ಹುಟ್ಟೋದು ತ್ರಿಕೋನದಿಂದ ಅಲ್ಲ, ಚೌಕದಿಂದ. ಒಂದು ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತಾ ಒಟ್ಟು 4 ಚೌಕ ಎಳೆದರೆ 16 ಮೂಲೆ ಬರುತ್ತೆ. ಹಾಗಾಗಿ ಹೊರಮೂಲೆ ಯಾವಾಗಲೂ 90 ಡಿಗ್ರಿ. ಗೂಡುದೀಪಕ್ಕೂ ಗುಡಿಗೂ ಇರೋ ವ್ಯತ್ಯಾಸ ಇದೇ. 80 ಮಿಮೀ ತ್ರಿಜ್ಯದ ವೃತ್ತ ಎಳೆದು 16 ಚುಕ್ಕೆ ಹಾಕಿ. 1ನೇ ಚುಕ್ಕೆಯಿಂದ 5ಕ್ಕೆ, ಅಲ್ಲಿಂದ 9ಕ್ಕೆ, 13ಕ್ಕೆ, ಮತ್ತೆ 1ಕ್ಕೆ ಗೆರೆ ಎಳೆದರೆ ಮೊದಲ ಚೌಕ. 2, 3, 4ರಿಂದ ಹೀಗೇ ಶುರು ಮಾಡಿ ಉಳಿದ ಮೂರು. ಚೌಕದ ಬದಿ 113.1 ಮಿಮೀ ಬರಬೇಕು. ಬರದಿದ್ದರೆ ಚುಕ್ಕೆಗಳಲ್ಲೇ ತಪ್ಪಿದೆ, ಮುಂದೆ ಹೋಗಬೇಡಿ. ಒಳಮೂಲೆಗಳು ನಡುವಿನಿಂದ 68 ಮಿಮೀ ದೂರದಲ್ಲಿ ತಾವಾಗಿಯೇ ಬೀಳುತ್ತವೆ. ಒಂದೊಂದು ಮುಖದ ಅಗಲ 18.8 ಮಿಮೀ, ಒಟ್ಟು 32 ಮುಖ. ಒಳಮೂಲೆಯ ಕೋನ ಹೊರಗಿನಿಂದ ಅಳೆದರೆ 112.5 ಡಿಗ್ರಿ.

ಮಡಚಿದ ಗೋಡೆ ಕೂಡದೇ ಇರೋದಕ್ಕೆ ಕಾರಣ ಈ 32. ಒಂದೊಂದು ಮಡಿಕೆಗೆ ಅರ್ಧ ಮಿಮೀ ತಪ್ಪಿದರೂ ಕೊನೆಗೆ 16 ಮಿಮೀ ಆಯ್ತು, ಹೆಚ್ಚುಕಡಿಮೆ ಒಂದು ಮುಖದಷ್ಟೇ. ಮಡಚೋದು ಬಿಡಿ. 5 ಮಿಮೀ ಸನ್‌ಬೋರ್ಡಿನಲ್ಲಿ ಮೇಲೊಂದು ಕೆಳಗೊಂದು ನಕ್ಷತ್ರದ ತಟ್ಟೆ ಕತ್ತರಿಸಿ, ನಡುವೆ ನಾಲ್ಕು ಗೂಟ ಕೊಟ್ಟು ನಿಲ್ಲಿಸಿ, ಗೋಡೆಯ ಮುಖಗಳನ್ನು ಬಿಡಿಬಿಡಿಯಾಗಿ ಅಂಟಿಸಿ. ರಟ್ಟಿನ ದಪ್ಪ ಕಳೆಯೋದು ಮರೆಯಬೇಡಿ: 1 ಮಿಮೀ ರಟ್ಟಾದರೆ ತಟ್ಟೆಯ ಚೌಕದ ಬದಿ 111.1. ಹೊರಮೂಲೆಯಲ್ಲಿ ಒಂದು ಪಟ್ಟಿ ಇನ್ನೊಂದರ ಅಂಚನ್ನು ಮುಚ್ಚಲಿ. ಸುಕನಾಸಿ (ಗರ್ಭಗುಡಿಯ ಮುಂದಿನ ಪುಟ್ಟ ಕೋಣೆ) ಸೇರುವ ಕಡೆ ಕೆಲವು ಮೂಲೆಗಳು ಒಳಗೆ ಅಡಗುತ್ತವೆ, ಅಲ್ಲಿ ಮುಖ ಅಂಟಿಸೋ ಕೆಲಸವೇ ಇಲ್ಲ.

ಜಗತಿಗೂ (ಗುಡಿ ನಿಂತಿರುವ ಎತ್ತರದ ಕಟ್ಟೆ) ಶಿಖರಕ್ಕೂ ಚೌಕದ ಬದಿ ಬದಲಾಯಿಸಿದರೆ ಸಾಕು. ಜಗತಿಗೆ 183 ಇಡಿ, ಸುತ್ತಲೂ 35 ಮಿಮೀ ಜಾಗ ಸಿಗುತ್ತೆ, ಅಂದರೆ ನಿಜದ ಅಳತೆಯಲ್ಲಿ ಒಂದೂಮುಕ್ಕಾಲು ಮೀಟರ್ ಪ್ರದಕ್ಷಿಣಾಪಥ. ಶಿಖರದ ಅಂತಸ್ತುಗಳಿಗೆ 104, 94, 82, 68, 52. ಎತ್ತರವೂ 16, 15, 13, 12, 10 ಹೀಗೆ ಇಳಿಯಲಿ. ಬದಿಯನ್ನು ಒಂದೇ ಸಮ ಇಳಿಸಿದರೆ ಶಿಖರ ನೇರ ಗೋಪುರದ ಥರ ಕಾಣುತ್ತೆ, ಹೊಯ್ಸಳರ ಆ ಉಬ್ಬು ಬರೋದಿಲ್ಲ. ಎರಡು ಅಂತಸ್ತುಗಳ ನಡುವೆ 2 ಮಿಮೀ ದಪ್ಪದ, 6 ಮಿಮೀ ಚಿಕ್ಕ ತಟ್ಟೆ ಇಟ್ಟರೆ ನೆರಳಿನ ಗೆರೆ ಬೀಳುತ್ತೆ.

ಒಂದು ಮಾತು. ಅರಸೀಕೆರೆ ಈಶ್ವರ ದೇವಸ್ಥಾನವನ್ನು ನೋಡಿಕೊಂಡು ಮಾಡೋದಾದರೆ ಈ ಲೆಕ್ಕ ನಡೆಯೋದಿಲ್ಲ. ಅಲ್ಲಿನ ವಿಮಾನದ (ಗರ್ಭಗುಡಿ, ಅದರ ಶಿಖರ ಸೇರಿದ ಭಾಗ) ಮೂಲೆಗಳು ಒಂದೇ ಬಗೆಯವಲ್ಲ, ಮೂರು ಬಗೆ ಇವೆ. ಸೋಮನಾಥಪುರದ ಗರ್ಭಗುಡಿಗಳದ್ದು ಸಮನಾದ 16 ಮೂಲೆ, ನಿಮಗೆ ಅದು ಹತ್ತಿರ. ಹಳೇಬೀಡು, ಬೇಲೂರಿನಲ್ಲಿ ಮೂಲ ಶಿಖರ ಉಳಿದಿಲ್ಲ, ಹಾಗಾಗಿ ಶಿಖರಕ್ಕೆ ಅವುಗಳ ಫೋಟೋ ಹುಡುಕಬೇಡಿ.

ಹಾಸನ_ಹವ್ಯಾಸಿ

ತುಂಬಾ ಉಪಕಾರ ಸರ್, 113.1 ಸರಿಯಾಗಿ ಬಂತು. ಇಷ್ಟೊಂದು ತಟ್ಟೆಗಳನ್ನು ಲೇಸರ್‌ನಲ್ಲಿ ಕತ್ತರಿಸಿಕೊಡಿ ಅಂತ ಸನ್‌ಬೋರ್ಡ್ ಕೊಡಬಹುದಾ? ಚಜ್ಜ (ಗೋಡೆಯಿಂದ ಹೊರಚಾಚಿದ ಸೂರು) ಒಂದು ಇಡಲಾ, ಎರಡಾ?

ಉತ್ತರ – ಕಾಫಿಸೀಮೆ_ಮರಗೆಲಸ

ಸನ್‌ಬೋರ್ಡನ್ನು ಲೇಸರ್‌ಗೆ ಕೊಡಲೇಬೇಡಿ. ಅದು ಪಿವಿಸಿ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ. ಉಸಿರಿಗೂ ಕೆಟ್ಟದ್ದು, ಯಂತ್ರವೂ ತುಕ್ಕು ಹಿಡಿಯುತ್ತೆ. ಲೇಸರ್ ಬೇಕೇ ಬೇಕು ಅಂದರೆ 3 ಮಿಮೀ ಎಂಡಿಎಫ್ ಕೊಡಿ. ಕೈಯಲ್ಲಿ ಕತ್ತರಿಸೋದಾದರೆ ಸನ್‌ಬೋರ್ಡೇ ಒಳ್ಳೆಯದು: ಒಂದೇ ಏಟಿಗೆ ಅಲ್ಲ, ಹಗುರವಾಗಿ ಮೂರು ನಾಲ್ಕು ಸಲ ಬ್ಲೇಡ್ ಎಳೆಯಿರಿ. ಒಳಮೂಲೆಯಲ್ಲಿ ಎರಡೂ ಕಡೆಯಿಂದ ಮೂಲೆಗೇ ಬಂದು ನಿಲ್ಲಿಸಬೇಕು, ದಾಟಿಸಿದರೆ ಸೀಳು ಕಾಣುತ್ತೆ.

ಚಜ್ಜ ನೀವು ಯಾವ ಕಾಲದ ಗುಡಿ ಅಂದುಕೊಂಡಿದ್ದೀರಿ ಅನ್ನೋದರ ಮೇಲೆ. ಮೊದಮೊದಲ ಗುಡಿಗಳಲ್ಲಿ ಒಂದೇ. ಆಮೇಲಿನವುಗಳಲ್ಲಿ ಅದರ ಕೆಳಗೆ ಸುಮಾರು ಒಂದು ಮೀಟರಿಗೆ ಇನ್ನೊಂದು ಇರುತ್ತೆ, ನಿಮ್ಮ ಅಳತೆಗೆ 20 ಮಿಮೀ. ಎರಡು ಚಜ್ಜಗಳ ನಡುವೆ ಪುಟ್ಟ ಗೋಪುರಗಳು, ಕೆಳಗಿನದರ ಅಡಿಗೆ ದೇವರ ಮೂರ್ತಿಗಳು. ಎರಡು ಇಟ್ಟರೆ ನೆರಳು ಚೆನ್ನಾಗಿ ಬೀಳುತ್ತೆ, ನಾನಾಗಿದ್ದರೆ ಎರಡೇ ಇಡ್ತಿದ್ದೆ.

ಇನ್ನು ಕಂಬ. 12 ಮಿಮೀ ಉರುಟು ಮರದ ಕಡ್ಡಿಯನ್ನು ಡ್ರಿಲ್ಲಿನ ಬಾಯಿಗೆ ಕಚ್ಚಿಸಿ, ಡ್ರಿಲ್ಲನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಮಲಗಿಸಿ. ಇನ್ನೊಂದು ತುದಿಯನ್ನು ಮರದ ತುಂಡಿನ ತೂತಿನಲ್ಲಿ ಕೂರಿಸಲೇಬೇಕು, ಇಲ್ಲದಿದ್ದರೆ ಕಡ್ಡಿ ಓಲಾಡಿ ಗೀರುಗಳು ಮೊಟ್ಟೆಯಾಕಾರ ಆಗುತ್ತವೆ. ತೂತಿಗೆ ಸ್ವಲ್ಪ ಮೇಣ ಸವರಿ, ಇಲ್ಲಾಂದ್ರೆ ಉಜ್ಜಿ ಕಪ್ಪಾಗುತ್ತೆ. ಸಣ್ಣ ಗೀರಿಗೆ ತ್ರಿಕೋನ ಅರ, ಗಂಟೆಯಾಕಾರದ ಭಾಗಕ್ಕೆ ಉರುಟು ಅರ, ಆಮೇಲೆ 120, 220ರ ಉಪ್ಪುಕಾಗದ. ಕಣ್ಣಿಗೆ ಕನ್ನಡಕ ಇರಲಿ, ಗ್ಲೌಸ್ ಮಾತ್ರ ಬೇಡ, ತಿರುಗುವ ಕಡ್ಡಿಗೆ ಸಿಕ್ಕಿಕೊಳ್ಳುತ್ತೆ. ಕಂಬದ ಅರ್ಧ ರೂಪವನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡು, ಡ್ರಿಲ್ ನಿಲ್ಲಿಸಿ ಹಿಡಿದು ನೋಡುತ್ತಾ ಹೋದರೆ 12 ಕಂಬಗಳೂ ಒಂದೇ ಥರ ಬರುತ್ತವೆ. ಕೆಳಗಿನ ಚೌಕ ಪೀಠ, ಮೇಲಿನ ಬೋದಿಗೆ (ಕಂಬದ ತಲೆ) ಎರಡನ್ನೂ ಬೇರೆ ಮಾಡಿ ಅಂಟಿಸಿ.

ಮರದ ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. ನಮ್ಮ ಚಿಕ್ಕಮಗಳೂರು ಕಡೆ ಸಿಲ್ವರ್ ಓಕ್ ತುಂಡು ಸುಲಭವಾಗಿ ಸಿಗುತ್ತೆ, ಆದರೆ ಸಣ್ಣ ಗೀರಿನಲ್ಲಿ ನಾರು ಎದ್ದು ಅಂಚು ಹರಿಯುತ್ತೆ. ಕಿತ್ತ ಹಳೇ ಕಾಫಿ ಗಿಡದ ಕಡ್ಡಿ ಗಟ್ಟಿ, ಎಳೆ ಸಣ್ಣ, ಗೀರು ಚೊಕ್ಕವಾಗಿ ನಿಲ್ಲುತ್ತೆ. ಹಸಿಯದ್ದು ಮಾತ್ರ ಬೇಡ, ಸೀಳುತ್ತೆ. ನೆರಳಲ್ಲಿ ಪೂರ್ತಿ ಒಣಗಿರಬೇಕು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಸಿಕ್ಕರಂತೂ ಅದಕ್ಕಿಂತ ಒಳ್ಳೆಯದಿಲ್ಲ.

ಉತ್ತರ – ಬಳಪದಕಲ್ಲು

ಅಂಟಿನ ವಿಷಯ. ಥರ್ಮಾಕೋಲಿಗೆ ಫೆವಿಕಾಲ್ ಮಾತ್ರ. ಫೆವಿಕ್ವಿಕ್, ರಬ್ಬರ್ ಅಂಟು, ಸ್ಪ್ರೇ ಪೇಂಟ್ ಮೂರೂ ಅದನ್ನು ಕರಗಿಸುತ್ತವೆ. ಸನ್‌ಬೋರ್ಡಿಗೆ ಸನ್‌ಬೋರ್ಡ್ ಅಂಟಿಸಲು ಫೆವಿಕಾಲ್ ಬೇಡ. ನೀರು ಹೊರಗೆ ಹೋಗಲು ದಾರಿ ಇಲ್ಲದೆ ನಡುವೆ ಹಸಿಯಾಗೇ ಉಳಿಯುತ್ತೆ. ಅಗಲ ತಟ್ಟೆಗಳಿಗೆ ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಒಮ್ಮೆ ಕೂತರೆ ಸರಿಸೋಕಾಗಲ್ಲ, ಹಾಗಾಗಿ ಎರಡೂ ತಟ್ಟೆಗೆ ನಡುವೆ ತೂತು ಮಾಡಿ ಒಂದು ಕಡ್ಡಿ ತೂರಿಸಿಕೊಂಡು ಇಳಿಸಿ. ಸಣ್ಣ ಚೂರಿಗೆ ಫೆವಿಕ್ವಿಕ್.

ತಳದ ಪಟ್ಟಿಕೆಗಳು. ಹಳೇಬೀಡಿನಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಈ ಅಳತೆಗೆ ಎಂಟೂ ಮಾಡಿದರೆ ಗಜಿಬಿಜಿ. ಆನೆ, ಬಳ್ಳಿ, ಹಂಸ ಸಾಕು, ತಲಾ 5 ಮಿಮೀ. ಮುಖದ ಅಗಲ 18.8 ಅಂದಮೇಲೆ ಒಂದು ಆನೆಗೆ 9.4 ಮಿಮೀ ಇಡಿ; ಒಂದೊಂದು ಮುಖಕ್ಕೆ ಎರಡು ಆನೆ ಸರಿಯಾಗಿ ಕೂರುತ್ತವೆ, ಮೂಲೆಯಲ್ಲಿ ಆನೆಯ ಸೊಂಡಿಲು ಕತ್ತರಿಸೋ ಪ್ರಸಂಗ ಬರೋದಿಲ್ಲ. ಶಿಲ್ಪಕಾರ್‌ನ (ಕಲಸಿಟ್ಟರೆ ಗಟ್ಟಿಯಾಗುವ ಜೇಡಿ) ಎರಡೂ ಉಂಡೆಗಳನ್ನು ಸಮ ಸಮ ಕಲಸಿ ಒಂದು ಮುಖದಷ್ಟು ಮೂಲ ಪಟ್ಟಿ ಕೆತ್ತಿ, ಒಣಗಿದ ಮೇಲೆ ಸಿಲಿಕೋನ್ ಅಚ್ಚು ತೆಗೆಯಿರಿ. ಉಳಿದದ್ದನ್ನು ಅದರಲ್ಲೇ ಒತ್ತಿ ತೆಗೆಯಬಹುದು. ಮೂಲ ಪಟ್ಟಿಯನ್ನು ಆಳವಾಗಿಯೇ ಕೆತ್ತಿ, ಬಣ್ಣ ಹಚ್ಚಿದಾಗ ಅರ್ಧ ಆಳ ತುಂಬಿಹೋಗುತ್ತೆ.

ಇನ್ನು ಬಣ್ಣ. ಹೊಯ್ಸಳರು ಗುಡಿಗೆ ಬಳಸಿದ ಬಳಪದ ಕಲ್ಲು ಬರೀ ಬೂದಲ್ಲ, ಹಸಿರು ಛಾಯೆ ಇದೆ. ಬಿಳಿ 6 ಪಾಲು, ಕಪ್ಪು 2, ಆಲಿವ್ ಹಸಿರು 1, ಚಿಟಿಕೆ ಕಂದು. ಒಣಗಿದ ಮೇಲೆ ಕಪ್ಪು–ಕಂದನ್ನು ಎಂಟು ಪಾಲು ನೀರಿಗೆ ಕಲಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ಬಳಿಯಿರಿ. ಸೋಪು ಇದ್ದರೆ ನೀರು ಹನಿಗಟ್ಟದೆ ಸಂದಿಗೆ ಇಳಿಯುತ್ತೆ. ಉಬ್ಬಿನ ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ. ಕೊನೆಗೆ ತಿಳಿ ಬೂದು ಬಣ್ಣದ ಕುಂಚವನ್ನು ಕಾಗದದ ಮೇಲೆ ಉಜ್ಜಿ ಒಣಗಿಸಿ, ಅಂಚುಗಳಿಗಷ್ಟೇ ತಾಗಿಸಿ. ಗೋಡೆಗೆ ಹೊಳಪು ಕೊಡಬೇಡಿ. ತಿರುಗಣಿ ಕಂಬಗಳಿಗೆ ಮಾತ್ರ ಇನ್ನಷ್ಟು ಕಪ್ಪು ಸೇರಿಸಿ ಅರೆಹೊಳಪಿನ ವಾರ್ನಿಷ್ ಕೊಡಿ. ಸಿಮೆಂಟಿನ ಕಳೆ ಹೋಗೋದು ಈ ಎರಡರ ವ್ಯತ್ಯಾಸದಿಂದಲೇ.

ಮಳೆಗಾಲಕ್ಕೆ ಮುಂಚೆ ರಟ್ಟಿಗೆ ರಕ್ಷಣೆ ಬೇಕು. ಒಂದೇ ಕಡೆ ಬಣ್ಣ ಹಚ್ಚಿದ ರಟ್ಟು ಇನ್ನೊಂದು ಕಡೆಯಿಂದ ತೇವ ಎಳೆದುಕೊಂಡು ಬಾಗುತ್ತೆ. ಅಂಟಿಸುವ ಮೊದಲೇ ಎರಡೂ ಕಡೆಗೆ, ಕತ್ತರಿಸಿದ ಅಂಚಿಗೂ ಸೇರಿಸಿ ಫ್ರೆಂಚ್ ಪಾಲಿಶ್ ಕೊಡಿ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿರೋದರಿಂದ ಅದು ರಟ್ಟನ್ನು ನೆನೆಸಿ ಬಾಗಿಸೋದಿಲ್ಲ. ಬಿಸಿಲಿರುವ ದಿನ ನೋಡಿ ಹಚ್ಚಿ, ಗಾಳಿಯಲ್ಲಿ ತೇವ ಇದ್ದರೆ ಮೇಲೆ ಬಿಳಿ ಮಬ್ಬು ಕಟ್ಟುತ್ತೆ. ಪ್ಲೈವುಡ್ ಹಲಗೆಯ ಅಡಿಗೂ ಎರಡು ರೀಪು ಸ್ಕ್ರೂ ಹಾಕಿ. ಹಲಗೆ ಬಾಗಿದರೆ ಮೊದಲು ಬಿರುಕು ಬಿಡೋದು ಸುಕನಾಸಿ ಗೋಡೆಗೆ ಸೇರುವ ಜಾಗ.