ಪೋಲರಾಯ್ಡ್ ತಿರುಗಿಸಿದರೆ ಸೂರ್ಯನ ರೋಹಿತ ಮಂಕಾಗುತ್ತದೆ, ಯಾಕೆ?

ಲ್ಯಾಬ್_ಮೇಡಂ:
ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮೊನ್ನೆ ನಮ್ಮ ಸೋಡಿಯಂ ಲ್ಯಾಂಪ್ ಕೆಟ್ಟಿತ್ತು. ಬೆಳಗ್ಗೆ ಹತ್ತರ ಹೊತ್ತು. ಸ್ಪೆಕ್ಟ್ರೋಮೀಟರನ್ನು ಉತ್ತರದ ಕಿಟಕಿಗೆ ತಿರುಗಿಸಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಇಂಚಿಗೆ 15,000 ಗೆರೆಯ ಗ್ರೇಟಿಂಗ್ ಇಟ್ಟು, ಆಕಾಶದ ಬೆಳಕಲ್ಲೇ ನೋಡಿದೆವು. ಸ್ಲಿಟ್ ಕಿರಿದು ಮಾಡುತ್ತಾ ಹೋದಂತೆ ಹಳದಿಯಲ್ಲಿ ಸೋಡಿಯಂನ ಡಿ1, ಡಿ2 ಎರಡೂ ಕೂದಲೆಳೆಯಂಥ ಕಪ್ಪು ಗೆರೆಗಳಾಗಿ ಕಂಡವು. ಮಕ್ಕಳಿಗೆ ಎಷ್ಟು ಖುಷಿ!

ಆಮೇಲೆ ಒಬ್ಬ ಹುಡುಗಿ ಸ್ಲಿಟ್ ಮುಂದೆ ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುವ ಹಾಳೆ) ಹಿಡಿದು ತಿರುಗಿಸಿದಳು. ಇಡೀ ರೋಹಿತ (ಬಣ್ಣಗಳ ಪಟ್ಟಿ) ಮಂಕಾಯಿತು, ಕಾಲು ಸುತ್ತು ತಿರುಗಿಸಿದ ಮೇಲೆ ಮತ್ತೆ ಬೆಳಗಿತು. "ಮೇಡಂ, ಸೂರ್ಯನ ಬೆಳಕೇ ಪೋಲರೈಸ್ ಆಗಿದೆಯಾ?" ಅಂತ ಕೇಳಿದಳು. ಇಲ್ಲ ಅಂತ ಸುಮ್ನೆ ಹೇಳಿಬಿಡಲು ಮನಸ್ಸು ಬರಲಿಲ್ಲ. ಅವಳಿಗೆ ಏನು ಹೇಳಲಿ?

ಬಯಲು_ದೂರದರ್ಶಕ:
ಅದು ನಮ್ಮ ಗಾಳಿಯ ಕೆಲಸ ಮೇಡಂ. ಬೆಳಗ್ಗೆ ಸೂರ್ಯ ಪೂರ್ವಕ್ಕಿದ್ದಾಗ ಉತ್ತರದ ಆಕಾಶ ಅವನಿಂದ ಸುಮಾರು 90 ಡಿಗ್ರಿ ದೂರ. ಗಾಳಿಯ ಅಣುಗಳಿಂದ ಚದುರಿದ ಬೆಳಕು ಅಲ್ಲೇ ಅತಿ ಹೆಚ್ಚು ಪೋಲರೈಸ್ ಆಗಿರುತ್ತದೆ, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ.

ರೋಹಿತಪ್ರಿಯ:
ಮೇಲಿನ ಉತ್ತರ ಸರಿ. ಜೊತೆಗೆ ಗ್ರೇಟಿಂಗ್ ಕೂಡ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಇನ್ನೊಂದಕ್ಕಿಂತ ಜಾಸ್ತಿ ಬಿಡುತ್ತದೆ. ಬಿಸಿಲಲ್ಲಿರುವ ಬಿಳಿ ಕಾಗದವನ್ನು ಸ್ಲಿಟ್ ಎದುರು ಹಿಡಿದು ನೋಡಿ. ಅದರ ಬೆಳಕಿಗೆ ಧ್ರುವೀಕರಣ (ಪೋಲರೈಸೇಶನ್) ಬಹಳ ಕಡಿಮೆ. ಆಗಲೂ ಉಳಿಯುವ ಏರಿಳಿತ ಗ್ರೇಟಿಂಗಿನದು.

ಆದರೆ ಆ ಹುಡುಗಿಗೆ ದಯವಿಟ್ಟು "ಇಲ್ಲ" ಅನ್ನಬೇಡಿ. ನನ್ನ ಪಿಎಚ್‌ಡಿ ಇದರ ಮೇಲೇ, ಅವಳ ಪ್ರಶ್ನೆ ಓದಿ ನಿಜಕ್ಕೂ ಸಂತೋಷವಾಯಿತು. ಸೂರ್ಯನ ವಾತಾವರಣದಲ್ಲೂ ಪರಮಾಣುಗಳು ಬೆಳಕನ್ನು ಚದುರಿಸುತ್ತವೆ. ಸೂರ್ಯಬಿಂಬದ ನಟ್ಟನಡುವೆ ನೋಡಿದರೆ ಎಲ್ಲ ದಿಕ್ಕುಗಳೂ ಸಮ, ಧ್ರುವೀಕರಣ ಸೊನ್ನೆ. ಅಂಚಿನಲ್ಲಿ ಹಾಗಲ್ಲ. ಅಲ್ಲಿನ ಪರಮಾಣುವಿಗೆ ಪಕ್ಕದಿಂದ ಬರುವ ಬೆಳಕು ಕಡಿಮೆ, ಕೆಳಗಿನಿಂದ ಬರುವುದು ಜಾಸ್ತಿ. ಅದು ಲಂಬಕೋನಕ್ಕೆ ತಿರುಗಿ ನಮ್ಮತ್ತ ಬರುತ್ತದೆ, ನಿಮ್ಮ ಉತ್ತರದ ಕಿಟಕಿಯಲ್ಲಿ ಆದ ಹಾಗೇ. ಇಡೀ ಬಿಂಬದ ಬೆಳಕು ಸೇರಿದಾಗ ಮಾತ್ರ ಅಂಚಿನ ಸುತ್ತಲಿನ ದಿಕ್ಕುಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಅಂಚಿನಲ್ಲೂ ಇದು ಬಹಳ ಚಿಕ್ಕದು. 422.7 ನ್ಯಾನೋಮೀಟರಿನ ಕ್ಯಾಲ್ಸಿಯಂ ಗೆರೆಯಲ್ಲಿ ಕೆಲವು ಶೇಕಡಾ, ಹೆಚ್ಚಿನ ಗೆರೆಗಳಲ್ಲಿ ಶೇ 1ಕ್ಕಿಂತ ಎಷ್ಟೋ ಕಡಿಮೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಜಿಂಪೋಲ್ ಉಪಕರಣ ಬಂದ ಮೇಲೆ ಲಕ್ಷದಲ್ಲಿ ಒಂದು ಪಾಲಿನಷ್ಟು ಧ್ರುವೀಕರಣವನ್ನೂ ಅಳೆಯಲು ಸಾಧ್ಯವಾಯಿತು. ಆಗ ಕಂಡದ್ದು ಬೇರೆಯೇ ರೋಹಿತ. ಮಾಮೂಲಿ ರೋಹಿತದಲ್ಲಿ ಎದ್ದು ಕಾಣುವ ಎಷ್ಟೋ ಗೆರೆಗಳು ಅಲ್ಲಿ ಇಲ್ಲ, ಕಂಡೂ ಕಾಣದಂತಿದ್ದ ಅಣುಗಳ ಗೆರೆಗಳು ತಲೆ ಎತ್ತಿ ನಿಂತಿವೆ. ಅದಕ್ಕೆ "ಎರಡನೇ ಸೌರ ರೋಹಿತ" ಅಂತಲೇ ಹೆಸರು.

ನಿಮ್ಮ ಮಕ್ಕಳು ನೋಡಿದ ಜೋಡಿಯಲ್ಲೇ ದೊಡ್ಡ ಒಗಟು ಇತ್ತು. ಸಿದ್ಧಾಂತದ ಪ್ರಕಾರ ಡಿ2 ಧ್ರುವೀಕರಣ ತೋರಿಸಬೇಕು, ತೋರಿಸುತ್ತದೆ. ಡಿ1 ತೋರಿಸಬಾರದು. 1990ರ ದಶಕದಲ್ಲಿ ಸ್ಟೆನ್‌ಫ್ಲೋ ಮತ್ತು ಕೆಲ್ಲರ್ ಅಳೆದಾಗ ಡಿ1ರ ನಡುವೆಯೂ ಧ್ರುವೀಕರಣದ ಪುಟ್ಟ ಉಬ್ಬು ಸಿಕ್ಕಿತು. 1998ರ ಒಂದು ವಿವರಣೆ ನಿಲ್ಲಬೇಕಾದರೆ ಅಲ್ಲಿ ಕಾಂತಕ್ಷೇತ್ರ ಹೆಚ್ಚುಕಡಿಮೆ ಇರಲೇಬಾರದಿತ್ತು. ಸೂರ್ಯನಲ್ಲಿ ಅದು ನಂಬುವ ಮಾತಲ್ಲ. ಆ ಗೆರೆಯ ಒಳಗೇ ಇರುವ ಸೂಕ್ಷ್ಮ ಪಾಲುಗಳಿಗೆ ಬೀಳುವ ಬೆಳಕು ಸ್ವಲ್ಪ ಬೇರೆ ಬೇರೆ, ಅದನ್ನು ಲೆಕ್ಕಕ್ಕೆ ಹಿಡಿದರೆ ಉಬ್ಬು ತಾನಾಗೇ ಬರುತ್ತದೆ ಅಂತ 2021ರಲ್ಲಿ ತೋರಿಸಿದರು.

ಸೂರ್ಯನ ಬೆಳಕಿನ ಧ್ರುವೀಕರಣದ ಬಗೆಗಿನ ಎರಡನೇ ಅಂತರರಾಷ್ಟ್ರೀಯ ಕಾರ್ಯಾಗಾರ 1998ರಲ್ಲಿ ನಡೆದದ್ದು ನಮ್ಮ ಬೆಂಗಳೂರಲ್ಲೇ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆ. ಎನ್. ನಾಗೇಂದ್ರ ಅವರ ತಂಡ ಈ ಗೆರೆಗಳ ಲೆಕ್ಕಾಚಾರದಲ್ಲಿ ವರ್ಷಗಟ್ಟಲೆ ದುಡಿದಿದೆ. ಇದನ್ನೂ ಅವಳಿಗೆ ಹೇಳಿ.

ಲ್ಯಾಬ್_ಮೇಡಂ:
ಇವತ್ತು ಕಾಗದದ ಪರೀಕ್ಷೆ ಮಾಡಿದೆವು. ಏರಿಳಿತ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅಂದರೆ ಉಳಿದದ್ದು ಗ್ರೇಟಿಂಗಿನದು, ಅಲ್ವಾ? ಆ ಹುಡುಗಿ ಈಗ ಅಂಚಿನ ಬೆಳಕನ್ನಷ್ಟೇ ಸ್ಲಿಟ್ ಮೇಲೆ ಬೀಳಿಸಬಹುದಾ ಅಂತ ಕೇಳುತ್ತಿದ್ದಾಳೆ.

ರೋಹಿತಪ್ರಿಯ:
ಹೌದು, ಅದು ಗ್ರೇಟಿಂಗಿನದೇ. ಅಂಚನ್ನು ಬೀಳಿಸಬಹುದು. ಒಂದು ಮೀಟರ್ ನಾಭಿದೂರದ ಲೆನ್ಸಿನಿಂದ ಸುಮಾರು 9 ಮಿಲಿಮೀಟರ್ ಅಗಲದ ಬಿಂಬ ಬರುತ್ತದೆ. ಮೊದಲು ಅದನ್ನು ಕಾಗದದ ಮೇಲೆ ಬೀಳಿಸಿ ಅಂಚು ಎಲ್ಲಿದೆ ನೋಡಿಕೊಳ್ಳಿ. ಲೆನ್ಸ್ ಇಟ್ಟ ಮೇಲೆ ಮಾತ್ರ ಯಾರೂ ಐಪೀಸಿಗೆ ಕಣ್ಣಿಡಬಾರದು, ಕ್ಯಾಮೆರಾದಿಂದಲೇ ನೋಡಿ. ಧ್ರುವೀಕರಣ ನಿಮ್ಮ ಉಪಕರಣಕ್ಕೆ ಸಿಗುವುದಿಲ್ಲ, ಆದರೆ ಅಂಚು ನಡುವಿಗಿಂತ ಎಷ್ಟು ಮಂಕು ಅನ್ನುವುದು ಚೆನ್ನಾಗಿ ಕಾಣುತ್ತದೆ.